ಓದುಗರ ಪ್ರಶ್ನೆ: ಯೋಗದ ಚಾಪೆ ಹಿಡಿದು ಬಾಲಿಗೆ ಹೊರಟವರಿಗೆ

ಇಂಡೋನೇಷ್ಯಾದ ಬಾಲಿ ದ್ವೀಪಕ್ಕೆ ಹೋಗಿ ಯೋಗ ಮಾಡಬೇಕು, ಅಲ್ಲಿನ ಬದುಕು ನೋಡಬೇಕು ಎಂದು ಉಡುಪಿ, ಮಂಗಳೂರು ಕಡೆಯ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಲಾಗಿದೆ.

ಪ್ರಶ್ನೆ: ನನಗೆ 54 ವರ್ಷ. ಬಹಳ ಕಾಲದಿಂದ ಮನೆಯಲ್ಲೇ ಆಸನ, ಪ್ರಾಣಾಯಾಮ ಮಾಡುತ್ತಿದ್ದೇನೆ. ತಂಗಿಯ ಜತೆ ಎರಡು ಮೂರು ವಾರ ಬಾಲಿಗೆ ಹೋಗುವ ಆಸೆ. "ಯೋಗ ಕಲಿಯಲಿಕ್ಕೆ ಉಡುಪಿಯವರು ವಿದೇಶಕ್ಕೆ ಹೋಗುವುದಾ?" ಎಂದು ಮಗ ನಗುತ್ತಾನೆ. 21 ದಿನದ 200 ಗಂಟೆಗಳ ಯೋಗ ಶಿಕ್ಷಕರ ತರಬೇತಿ ಕೋರ್ಸ್ ಸೇರುವುದೋ, ಊಟ ವಸತಿಯೂ ಸೇರಿದ ಏಳು ದಿನದ ಯೋಗ ಶಿಬಿರ, ಅಂದರೆ ರಿಟ್ರೀಟ್ ಸಾಕೋ? ಯಾವ ತಿಂಗಳು ಒಳ್ಳೆಯದು?
– ಓದುಗಿ, ಕಿನ್ನಿಮುಲ್ಕಿ, ಉಡುಪಿ

ಉತ್ತರ: ಮಗನ ಮಾತಿನಲ್ಲಿ ಅರ್ಧ ನಿಜವಿದೆ. ಆಸನ ತಿದ್ದಿಕೊಳ್ಳುವುದಷ್ಟೇ ಉದ್ದೇಶವಾದರೆ ಪಾಸ್‌ಪೋರ್ಟ್ ತೆಗೆಯುವ ಅಗತ್ಯವೇ ಇಲ್ಲ. ಯೋಗ, ಪ್ರಕೃತಿ ಚಿಕಿತ್ಸೆಯ ಕೇಂದ್ರಗಳು ಇಲ್ಲೇ ಇವೆ: ನಿಮ್ಮ ಮನೆಯಿಂದ ಪರೀಕದ ಸೌಖ್ಯವನ ದೂರವಿಲ್ಲ, ಧರ್ಮಸ್ಥಳದಲ್ಲಿ ಶಾಂತಿವನವಿದೆ. ಬಾಲಿಗೆ ಹೋಗುವುದು ಬಾಲಿಗಾಗಿ. ಯೋಗದ ತರಗತಿ ನಿಮ್ಮ ದಿನಕ್ಕೊಂದು ಕ್ರಮ ಕೊಡುತ್ತದೆ, ನಾಲ್ಕು ಜನರ ಪರಿಚಯ ಮಾಡಿಸುತ್ತದೆ. ಉಳಿದ ಹೊತ್ತು ಊರು ನೋಡಲು ಬಿಡುವಿರಬೇಕು.

ಈ ದೃಷ್ಟಿಯಿಂದ 200 ಗಂಟೆಯ ಕೋರ್ಸ್ ನಿಮಗೆ ಬೇಡ ಎಂದೇ ನಮ್ಮ ಸಲಹೆ. ಲೆಕ್ಕ ಹಾಕಿ ನೋಡಿ. 21 ದಿನದಲ್ಲಿ ವಾರಕ್ಕೊಂದರಂತೆ ಮೂರು ರಜೆ ಕಳೆದರೆ ಉಳಿಯುವುದು 18 ದಿನ, ಅಂದರೆ ದಿನಕ್ಕೆ 11 ಗಂಟೆ. ಬೆಳಿಗ್ಗೆ ಆರಕ್ಕೆ ಶುರುವಾದರೆ ರಾತ್ರಿಯವರೆಗೂ ಹಾಲ್ ಬಿಟ್ಟು ಹೊರಬರಲಾಗದು. ದಿನಕ್ಕೆ ಎಂಟು ಗಂಟೆ ಸಾಕು ಎನ್ನುವ ಕಡೆ ಉಳಿದದ್ದನ್ನು ಆನ್‌ಲೈನ್ ಪಾಠ, ಮನೆಪಾಠ ಎಂದು ತೋರಿಸಿರುತ್ತಾರೆ. ಎಷ್ಟು ಗಂಟೆ ಗುರುಗಳ ಎದುರು, ಎಷ್ಟು ಗಂಟೆ ಸ್ವಂತ ಓದು ಎಂದು ಮೊದಲೇ ಕೇಳಬೇಕು. ಇನ್ನೊಂದು ವಿಷಯ: ಅಲ್ಲಿ ಕೊಡುವ ಪ್ರಮಾಣಪತ್ರ ಸಾಮಾನ್ಯವಾಗಿ ಅಮೆರಿಕದ ಯೋಗ ಅಲಯನ್ಸ್ ಎಂಬ ಸಂಘದ ನೋಂದಣಿಗೆ ಬಳಕೆಯಾಗುವಂಥದ್ದು. ನಮ್ಮ ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡ್‌ನ ಪರೀಕ್ಷೆಯೇ ಬೇರೆ. ಊರಿಗೆ ಬಂದು ಕಲಿಸುವ ಯೋಚನೆ ಇದ್ದರೆ ಎರಡನೆಯದನ್ನು ಇಲ್ಲೇ ಬರೆಯಬಹುದು.

ಏಳು ದಿನದ ರಿಟ್ರೀಟ್‌ಗೂ ಒಂದು ತೊಂದರೆ ಇದೆ. ಬೆಲೆ ಡಾಲರ್‌ನಲ್ಲಿ, ಮೂರು ಹೊತ್ತಿನ ಊಟ ಅಲ್ಲೇ, ಸುತ್ತಲೂ ಇರುವವರು ಆಸ್ಟ್ರೇಲಿಯಾ, ಯುರೋಪಿನ ಪ್ರವಾಸಿಗಳೇ. ಬಾಲಿಯವರ ಪರಿಚಯವಾಗುವುದು ಬಡಿಸುವವರು, ಕೋಣೆ ಗುಡಿಸುವವರ ಮಟ್ಟಿಗೆ ಮಾತ್ರ. ಇದಕ್ಕಿಂತ ಒಂದು ಮನೆತನದವರು ನಡೆಸುವ ಹೋಂಸ್ಟೇ ಹಿಡಿದು, ಬೆಳಿಗ್ಗೆ ಒಂದು ತರಗತಿಗೆ ಹೋಗಿಬರುವುದು ಒಳ್ಳೆಯದು. ಬಾಲಿಯ ಮನೆಯೆಂದರೆ ಗೋಡೆಯೊಳಗೆ ಬೇರೆ ಬೇರೆ ಕಟ್ಟಡಗಳು, ಒಂದು ಮೂಲೆಯಲ್ಲಿ ಮನೆದೇವರ ಗುಡಿಗಳು. ಬೆಳಿಗ್ಗೆ ಮನೆಯಾಕೆ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವಿಟ್ಟು, ಊದುಬತ್ತಿ ಹಚ್ಚಿ ಒಂದೊಂದು ಕಡೆ ಇಡುತ್ತಾ ಹೋಗುವುದನ್ನು ನಿಮ್ಮ ಜಗಲಿಯಲ್ಲೇ ಕೂತು ನೋಡಬಹುದು.

ಉಬುದ್ ಪಟ್ಟಣದಲ್ಲಿ ಇಂಥ ಕೋಣೆಗೆ ರಾತ್ರಿಗೆ ಸುಮಾರು ಎರಡೂವರೆಯಿಂದ ನಾಲ್ಕು ಲಕ್ಷ ರುಪಿಯಾ. ಲಕ್ಷ ಎಂದು ಹೆದರಬೇಡಿ, ನಮ್ಮ ಒಂದು ರೂಪಾಯಿಗೆ ಸುಮಾರು 185 ರುಪಿಯಾ ಸಿಗುತ್ತದೆ. ಬಿಡಿ ತರಗತಿಗೆ ಒಂದು ಲಕ್ಷ ಇಪ್ಪತ್ತು ಸಾವಿರದಿಂದ ಒಂದು ಲಕ್ಷ ಎಪ್ಪತ್ತು ಸಾವಿರ, ಅಂದರೆ ನಮ್ಮ 650ರಿಂದ 900 ರೂಪಾಯಿ. ಹತ್ತು ತರಗತಿಯ ಪಾಸ್ ತೆಗೆದುಕೊಂಡರೆ ಕಡಿಮೆಯಾಗುತ್ತದೆ. ಮೊದಲ ದಿನ ಬಿಡಿ ಟಿಕೆಟ್‌ನಲ್ಲಿ ಎರಡು ಕಡೆ ನೋಡಿ, ಮತ್ತೆ ಪಾಸ್ ಮಾಡಿಸಿ. ಉಬುದ್ ಪೇಟೆಯ ಟ್ರಾಫಿಕ್ ಈಗ ವಿಪರೀತ. ಒಂದು ವಾರ ಅಲ್ಲಿದ್ದು, ಉಳಿದ ವಾರ ಪೂರ್ವದ ಸಿದೆಮೆನ್ ಕಣಿವೆಗೋ ಉತ್ತರದ ಮುಂಡುಕ್ ಬೆಟ್ಟಕ್ಕೋ ಹೋದರೆ ತರಗತಿ ಕಡಿಮೆ, ಗದ್ದೆ ಜಾಸ್ತಿ. ಬಾಲಿಯ ಗದ್ದೆಗಳಿಗೆ ನೀರು ಹಂಚುವ ಸುಬಾಕ್ ಎಂಬ ರೈತರ ಕೂಟಗಳಿವೆ. ಅವುಗಳ ಗದ್ದೆ, ನೀರಿನ ಗುಡಿಗಳೆಲ್ಲ ಸೇರಿ 2012ರಲ್ಲಿ ಯುನೆಸ್ಕೋ ಪಟ್ಟಿಗೆ ಬಂದಿವೆ.

ತಿಂಗಳ ವಿಷಯದಲ್ಲಿ ಕರಾವಳಿಯವರಿಗೆ ಒಂದು ಅನುಕೂಲ. ಇಲ್ಲಿ ಮಳೆ ಹೊಯ್ಯುವಾಗ ಅಲ್ಲಿ ಒಣಹವೆ: ಏಪ್ರಿಲ್‌ನಿಂದ ಅಕ್ಟೋಬರ್. ಮಳೆಗಾಲ ನವೆಂಬರ್‌ನಿಂದ ಮಾರ್ಚ್. ಆಟಿ ತಿಂಗಳಲ್ಲಿ ಹೊರಡಬಹುದು, ಆದರೆ ಜುಲೈ, ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾ, ಯುರೋಪಿನವರ ರಜೆಯಿಂದಾಗಿ ಕೋಣೆ ಬಾಡಿಗೆ ಏರುತ್ತದೆ. ಮೇ, ಜೂನ್, ಸೆಪ್ಟೆಂಬರ್ ವಾಸಿ. ಗಲುಂಗಾನ್ ಹಬ್ಬ ಸಿಕ್ಕಿದರೆ ಬಿಡಬೇಡಿ. ಬೀದಿಯುದ್ದಕ್ಕೂ ಮನೆಮನೆಯ ಮುಂದೆ ಬಾಗಿದ ಬಿದಿರಿನ ಅಲಂಕಾರ ಎದ್ದಿರುತ್ತದೆ. ಅದು 210 ದಿನಕ್ಕೊಮ್ಮೆ ಬರುತ್ತದೆ: 2026ರಲ್ಲಿ ಜೂನ್ 17, ಅದಾದ ಮೇಲೆ 2027ರ ಜನವರಿ 13.

ಪ್ರಶ್ನೆ: ನಮ್ಮದು ಶುದ್ಧ ಸಸ್ಯಾಹಾರ, ಮೊಟ್ಟೆಯೂ ಇಲ್ಲ. ಅತ್ತೆಯವರಿಗೆ ಈರುಳ್ಳಿ ಬೆಳ್ಳುಳ್ಳಿಯೂ ಆಗದು. "ಬಾಲಿಯವರು ಹಿಂದೂಗಳಲ್ವಾ, ತೊಂದರೆ ಇಲ್ಲ" ಎಂದು ಟ್ರಾವೆಲ್ಸ್‌ನವರು ಹೇಳುತ್ತಾರೆ. ನಂಬಬಹುದೇ?
– ಓದುಗಿ, ಕದ್ರಿ, ಮಂಗಳೂರು

ಉತ್ತರ: ನಂಬಬೇಡಿ. ಬಾಲಿಯ ಹಿಂದೂಗಳು ಹಂದಿ, ಕೋಳಿ, ಬಾತುಕೋಳಿ, ಮೀನು ತಿನ್ನುತ್ತಾರೆ. ಇಡೀ ಹಂದಿಯನ್ನು ಸುಟ್ಟು ಮಾಡುವ ಬಾಬಿ ಗುಲಿಂಗ್ ಹಬ್ಬದ ಅಡುಗೆ. ಉಬುದ್‌ನಲ್ಲಿ ಸಸ್ಯಾಹಾರಿ, ವೀಗನ್ ಹೋಟೆಲುಗಳು ಬೇಕಾದಷ್ಟಿವೆ. ಅಲ್ಲಿ ಚಿಂತೆಯಿಲ್ಲ. ಮೋಸ ಹೋಗುವುದು ವಾರುಂಗ್ ಎನ್ನುವ ಸಣ್ಣ ಹೋಟೆಲುಗಳಲ್ಲಿ.

ಮುಖ್ಯ ಅಪಾಯ ತೆರಾಸಿ, ಅಂದರೆ ಸಿಗಡಿಯನ್ನು ಹುಳಿಬರಿಸಿ ಮಾಡಿದ ಕಪ್ಪು ಮುದ್ದೆ. ಸಂಬಾಲ್ ಎಂಬ ಖಾರದ ಚಟ್ನಿಗೂ ಪಲ್ಯದ ಮಸಾಲೆಗೂ ಅದನ್ನೇ ಅರೆಯುತ್ತಾರೆ. ತಟ್ಟೆಯಲ್ಲಿ ಕಣ್ಣಿಗೆ ತರಕಾರಿ ಮಾತ್ರ ಕಾಣುತ್ತದೆ. ಬಡಿಸುವವರು "ವೆಜ್" ಎಂದು ಹೇಳುವುದೂ ಸುಳ್ಳಲ್ಲ, ಅವರ ಲೆಕ್ಕದಲ್ಲಿ ಮಸಾಲೆಯ ತುಣುಕು ಮಾಂಸವಲ್ಲ. ಎರಡನೆಯದು ಹಪ್ಪಳ. ತಟ್ಟೆಯ ಬದಿಗೆ ಬರುವ ಬಿಳಿ, ಗುಲಾಬಿ ಹಪ್ಪಳ ಬಹುತೇಕ ಸಿಗಡಿಯದು. ಬೇಯಿಸಿದ ತರಕಾರಿಗೆ ನೆಲಗಡಲೆ ಗೊಜ್ಜು ಹಾಕುವ ಗಾದೊ ಗಾದೊದಲ್ಲಿ ಮೊಟ್ಟೆಯೂ ಈ ಹಪ್ಪಳವೂ ಜತೆಯಾಗಿಯೇ ಬರುತ್ತವೆ. ಕಾಯಿತುರಿ ಹಾಕಿದ ಉರಾಬ್ ನಮ್ಮ ಪಲ್ಯದ ಹತ್ತಿರದ್ದು, ಆದರೆ ಅದಕ್ಕೂ ತೆರಾಸಿ ಸೇರಬಹುದು. ಲಾವಾರ್ ಎಂಬ ಪಲ್ಯದಲ್ಲಿ ಗುಜ್ಜೆ ಕಂಡರೂ ಮುಟ್ಟಬೇಡಿ, ಮಾಂಸ, ಕೆಲವೊಮ್ಮೆ ರಕ್ತವೂ ಇರುತ್ತದೆ.

ಈ ಸಾಲನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: "ಸಾಯಾ ವೆಜಿತಾರಿಯಾನ್. ತಾನ್ಪಾ ದಾಗಿಂಗ್, ಈಕಾನ್, ಉದಾಂಗ್, ತೆಲುರ್, ತೆರಾಸಿ." ಮಾಂಸ, ಮೀನು, ಸಿಗಡಿ, ಮೊಟ್ಟೆ, ತೆರಾಸಿ ಬೇಡ ಎಂದಾಯಿತು. ಅತ್ತೆಯವರಿಗೆ "ತಾನ್ಪಾ ಬಾವಾಂಗ್" ಸೇರಿಸಿ. ಮಸಾಲೆಯನ್ನು ಮೊದಲೇ ಅರೆದಿಟ್ಟಿರುವುದರಿಂದ ಈರುಳ್ಳಿ ಇಲ್ಲದೆ ಮಾಡಿಕೊಡುವುದು ಹೆಚ್ಚಿನ ಕಡೆ ಆಗದ ಮಾತು. ಅವರಿಗೆ ಅಡುಗೆಮನೆ ಇರುವ ಹೋಂಸ್ಟೇ ಹುಡುಕಿ. ಬಿಳಿ ಅನ್ನ, ತೋಫು, ಟೆಂಪೆ ಎಲ್ಲೆಡೆ ಸಿಗುತ್ತದೆ. ಟೆಂಪೆಯೆಂದರೆ ಸೋಯಾ ಕಾಳು ಹುಳಿಬರಿಸಿ ಮಾಡಿದ ಗಟ್ಟಿ ಬಿಲ್ಲೆ. ಎಣ್ಣೆಯಲ್ಲಿ ಉಪ್ಪು ಮಾತ್ರ ಹಾಕಿ ಹುರಿದುಕೊಡಿ ಎನ್ನಿ. ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ಕಂಪನಿ ಪ್ಯಾಕಿನಲ್ಲೇ ಒಯ್ಯಿರಿ. ಹಣ್ಣು, ಹಸಿ ತರಕಾರಿ, ಬೀಜಗಳನ್ನು ಕ್ವಾರಂಟೈನ್‌ನವರು ತೆಗೆದಿಡುತ್ತಾರೆ.

ಸಿಹಿಯಲ್ಲಿ ಕರಾವಳಿಯವರು ಗೆದ್ದಂತೆ. ತಾಳೆಬೆಲ್ಲ ತುಂಬಿದ ಅಕ್ಕಿಹಿಟ್ಟಿನ ಉಂಡೆ ಕ್ಲೆಪೊನ್, ಕಪ್ಪಕ್ಕಿಗೆ ಕಾಯಿಹಾಲು ಹಾಕಿದ ಬುಬುರ್ ಇಂಜಿನ್ – ಎರಡರಲ್ಲೂ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ. ಬೆಳಿಗ್ಗೆ ಪೇಟೆಗೆ ಬೇಗ ಹೋಗಬೇಕು, ಬಿಸಿಲೇರಿದ ಮೇಲೆ ಉಳಿದಿರುವುದಿಲ್ಲ. ನಲ್ಲಿ ನೀರು ಬೇಡ, ಹಲ್ಲುಜ್ಜಲಿಕ್ಕೂ ಕ್ಯಾನಿನ ನೀರು.

ಪ್ರಶ್ನೆ: ಅಲ್ಲಿನ ದೇವಸ್ಥಾನದೊಳಗೆ ನಮ್ಮನ್ನು ಬಿಡುತ್ತಾರೆಯೇ? ಮುಟ್ಟು, ಸೂತಕದ ನಿಯಮ ಇದೆಯೇ? ತೀರ್ಥಸ್ನಾನ ಮಾಡಬಹುದೇ?
– ಓದುಗಿ, ಕುಂಜಿಬೆಟ್ಟು, ಉಡುಪಿ

ಉತ್ತರ: ಹೆಚ್ಚಿನ ದೇವಸ್ಥಾನಗಳಲ್ಲಿ ಹೊರ ಅಂಗಳಕ್ಕೆ ಎಲ್ಲರಿಗೂ ಪ್ರವೇಶ, ಒಳ ಅಂಗಳ ಪ್ರಾರ್ಥನೆಗೆ ಬಂದವರಿಗೆ. ಗಂಡಸಾಗಲಿ ಹೆಂಗಸಾಗಲಿ ಸೊಂಟಕ್ಕೆ ಸಾರೊಂಗ್ ಎಂಬ ಪಂಚೆ, ಅದರ ಮೇಲೆ ಒಂದು ನಡುಪಟ್ಟಿ ಕಡ್ಡಾಯ. ಪ್ಯಾಂಟ್ ಹಾಕಿದ್ದರೂ ಮೇಲೆ ಸುತ್ತಬೇಕು. ಬಾಗಿಲಲ್ಲಿ ಬಾಡಿಗೆಗೆ ಕೊಡುತ್ತಾರೆ, ಆದರೆ ಪೇಟೆಯಲ್ಲಿ ಒಂದು ಕೊಂಡರೆ ದಿನಾ ಉಪಯೋಗಕ್ಕೆ ಬರುತ್ತದೆ. ಚಪ್ಪಲಿಯ ನಿಯಮ ಒಂದೊಂದು ಕಡೆ ಒಂದೊಂದು, ಎದುರಿಗಿದ್ದವರನ್ನು ನೋಡಿ ಮಾಡಿ.

ಮುಟ್ಟಿನ ದಿನ ದೇವಸ್ಥಾನಕ್ಕೆ ಹೋಗಬಾರದೆಂದು ಬಾಗಿಲಲ್ಲೇ ಬೋರ್ಡ್ ಹಾಕಿರುತ್ತಾರೆ. ಮನೆಯಲ್ಲಿ ಸಾವಾದವರಿಗೂ ನಿಷೇಧವಿದೆ, ಅದಕ್ಕೆ ಚುಂತಾಕ ಎನ್ನುತ್ತಾರೆ. ಇದರ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಅತಿಥಿಯಾಗಿ ಹೋದಾಗ ವಾದ ಬೇಡ. ಒಳಗೆ ಹೋದ ಮೇಲೆ ಪೂಜೆ ಮಾಡುವ ಪೆಮಾಂಕುಗಿಂತ ಎತ್ತರದಲ್ಲಿ ನಿಲ್ಲಬಾರದು, ಕೂತು ಪ್ರಾರ್ಥಿಸುವವರ ಮುಂದೆ ಹಾದುಹೋಗಬಾರದು, ಫ್ಲ್ಯಾಷ್ ಹಾಕಬಾರದು. ರಸ್ತೆಯಲ್ಲಿ, ಅಂಗಡಿ ಬಾಗಿಲಲ್ಲಿ ಇಟ್ಟ ಹೂವಿನ ಪುಟ್ಟ ತಟ್ಟೆಗಳನ್ನು ದಾಟಿಹೋಗುವ ಬದಲು ಬದಿಯಿಂದ ಹೋಗಿ. ಅವುಗಳ ಮೇಲೆ ಕಾಲಿಟ್ಟರೆ ಬೈಯುವುದಿಲ್ಲ, ಮುಖ ಮಾತ್ರ ಬಾಡುತ್ತದೆ. ಕೊಡುವುದು, ತೆಗೆದುಕೊಳ್ಳುವುದೆಲ್ಲ ಬಲಗೈಯಲ್ಲಿ.

ಸಂಜೆ ದೇವಸ್ಥಾನದ ಧ್ವನಿವರ್ಧಕದಲ್ಲಿ ತ್ರಿಸಂಧ್ಯಾ ಕೇಳಿದರೆ ಆಶ್ಚರ್ಯಪಡುತ್ತೀರಿ. ಅದರ ಮೊದಲ ಶ್ಲೋಕ ಗಾಯತ್ರಿ ಮಂತ್ರವೇ. ಆದರೆ "ಇದೆಲ್ಲ ನಮ್ಮದೇ" ಎಂಬ ಉತ್ಸಾಹದಲ್ಲಿ ಅಲ್ಲಿನವರಿಗೆ ಉಪದೇಶ ಮಾಡಲು ಹೋಗಬೇಡಿ. ಅಲ್ಲಿನ ಪದ್ಧತಿಗೆ ಅದರದೇ ಸಾವಿರ ವರ್ಷದ ದಾರಿ ಇದೆ, ಪಿತೃಗಳ ಪೂಜೆ, ಬೆಟ್ಟ ಸಮುದ್ರಗಳ ದಿಕ್ಕು ಎಲ್ಲ ಸೇರಿದೆ.

ತೀರ್ಥಸ್ನಾನಕ್ಕೆ ತಂಪಾಕ್‌ಸಿರಿಂಗ್‌ನ ತೀರ್ತ ಎಂಪುಲ್ ಪ್ರಸಿದ್ಧ, ಹತ್ತನೇ ಶತಮಾನದ್ದು. ವಿದೇಶೀಯರಿಗೂ ಅವಕಾಶವಿದೆ. ಸ್ನಾನಕ್ಕೆಂದೇ ಬೇರೆ ಸಾರೊಂಗ್ ಕೊಡುತ್ತಾರೆ. ಮೊದಲು ಹೂವಿಟ್ಟು ಕೈಮುಗಿಯಬೇಕು, ಎಡದ ಧಾರೆಯಿಂದ ಬಲಕ್ಕೆ ಒಂದೊಂದರಲ್ಲೂ ತಲೆಯೊಡ್ಡುತ್ತಾ ಹೋಗಬೇಕು. ನಡುವೆ ಎರಡು ಧಾರೆಗಳು ಸತ್ತವರ ಕರ್ಮಕ್ಕೆ ಮೀಸಲು, ಅವನ್ನು ಬಿಟ್ಟು ಮುಂದೆ ಹೋಗಬೇಕು. ಗುರುತು ಸಿಗದಿದ್ದರೆ ಊರವರ ಹಿಂದೆಯೇ ಸಾಗಿ. ನೀರು ತಣ್ಣಗೆ ಕೊರೆಯುತ್ತದೆ, ಸಾಲು ಉದ್ದವಿರುತ್ತದೆ. ಬೆಳಿಗ್ಗೆ ಎಂಟರೊಳಗೆ ತಲುಪಿದರೆ ನಿರಾಳ. ಆಸನದ ಫೋಟೊ ಬೇಕೆಂದು ದೇವಸ್ಥಾನದ ಮೆಟ್ಟಿಲಲ್ಲಿ ಶೀರ್ಷಾಸನ ಹಾಕುವುದು ಮಾತ್ರ ಬೇಡವೇ ಬೇಡ. ಪವಿತ್ರ ಮರ, ಬೆಟ್ಟದಲ್ಲಿ ಅಸಭ್ಯ ಫೋಟೊ ತೆಗೆಸಿಕೊಂಡ ಪ್ರವಾಸಿಗಳನ್ನು ದೇಶದಿಂದ ಹೊರಹಾಕಿದ್ದೂ ಇದೆ.

ಪ್ರಶ್ನೆ: ಬೆನ್ನಿನ ಡಿಸ್ಕ್ ತೊಂದರೆ, ಸ್ವಲ್ಪ ಬಿ.ಪಿ. ಇದೆ. ಅಲ್ಲಿನ ಯಿನ್, ವಿನ್ಯಾಸ, ಬ್ರೆತ್‌ವರ್ಕ್ ತರಗತಿಗಳಲ್ಲಿ ಯಾವುದಕ್ಕೆ ಹೋಗಬಹುದು?
– ಓದುಗರು, ಸುರತ್ಕಲ್

ಉತ್ತರ: ಹೊರಡುವ ಮೊದಲು ನಿಮ್ಮ ವೈದ್ಯರಿಂದ ಯಾವ ಚಲನೆ ಬೇಡ ಎಂದು ಬರೆಸಿಕೊಳ್ಳಿ. ಅಲ್ಲಿನ ಶಿಕ್ಷಕರು ಅದನ್ನು ಗೌರವಿಸುತ್ತಾರೆ, ಬಾಯಿಮಾತಿನ "ಸ್ವಲ್ಪ ಬೆನ್ನುನೋವು" ಮರೆತುಹೋಗುತ್ತದೆ.

ವಿನ್ಯಾಸದಲ್ಲಿ ಒಂದು ಗಂಟೆಯಲ್ಲಿ ಹತ್ತಾರು ಸಲ ಮುಂದೆ ಬಾಗಿ ಏಳಬೇಕು. ಡಿಸ್ಕ್ ತೊಂದರೆ ಇರುವವರಿಗೆ ಮುಂದೆ ಬಾಗುವುದೇ ಕಷ್ಟ. ಯಿನ್‌ನಲ್ಲಿ ಒಂದೊಂದು ಭಂಗಿಯಲ್ಲಿ ಮೂರರಿಂದ ಐದು ನಿಮಿಷ ಸಡಿಲವಾಗಿ ಇರಿಸುತ್ತಾರೆ. ಸುಲಭವೆಂದು ತೋರುತ್ತದೆ, ಆದರೆ ಸ್ನಾಯು ಬಿಗಿ ಬಿಟ್ಟ ಮೇಲೆ ಭಾರವೆಲ್ಲ ಬೆನ್ನುಮೂಳೆ, ಮಂಡಿಯ ಮೇಲೆ ಬೀಳುತ್ತದೆ. ನೋವು ತಿಳಿಯುವುದು ಮರುದಿನ. ಬೋಲ್‌ಸ್ಟರ್ ಎಂಬ ಉದ್ದ ದಿಂಬು ಎರಡು ಕೇಳಿ, ಬಾಗುವ ಭಂಗಿಗಳಲ್ಲಿ ಸುಮ್ಮನೆ ಮಲಗಿ. ಶಿಕ್ಷಕರು ಬೆನ್ನ ಮೇಲೆ ಕೈಯಿಟ್ಟು ಒತ್ತಿ ತಿದ್ದುವ ರೂಢಿ ಇದೆ. ಬೇಡವೆಂದು ತರಗತಿ ಶುರುವಾಗುವ ಮೊದಲೇ ಹೇಳಿ. ಬಿ.ಪಿ. ಇರುವುದರಿಂದ ಶೀರ್ಷಾಸನವೂ ಉಸಿರು ಕಟ್ಟುವ ಕುಂಭಕವೂ ಬೇಡ. ಹಠಯೋಗದ ನಿಧಾನದ ತರಗತಿ ನಿಮಗೆ ಸರಿ.

ಬ್ರೆತ್‌ವರ್ಕ್ ಬಿಟ್ಟುಬಿಡಿ. ಅದು ಒಂದೊಂದೇ ಹೊಳ್ಳೆಯಲ್ಲಿ ನಿಧಾನವಾಗಿ ಉಸಿರಾಡುವ ನಾಡೀಶೋಧನದಂಥದ್ದಲ್ಲ. ಬಾಯಿ ತೆರೆದು ಮುಕ್ಕಾಲು ಗಂಟೆ, ಒಂದು ಗಂಟೆ ಜೋರಾಗಿ ಉಸಿರಾಡಿಸುತ್ತಾರೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ರಕ್ತ ಕ್ಷಾರದತ್ತ ವಾಲುತ್ತದೆ, ನರಗಳಿಗೆ ಸಿಗುವ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ತುಟಿ, ಬೆರಳು ಜುಮುಜುಮು ಎನ್ನುವುದು, ಕೈ ಸೆಟೆದು ಮುದುರುವುದು, ತಲೆ ತಿರುಗುವುದು ಇದರಿಂದಲೇ. ಅದನ್ನು ಶಕ್ತಿ ಜಾಗೃತವಾಯಿತೆಂದು ವರ್ಣಿಸುವವರಿದ್ದಾರೆ. ರಕ್ತದೊತ್ತಡ, ಹೃದಯದ ಕಾಯಿಲೆ, ಅಪಸ್ಮಾರ ಇರುವವರಿಗೂ ಬಸುರಿಯರಿಗೂ ಇದು ಅಪಾಯ.

ಪ್ರಶ್ನೆ: ನಾನು ಯೋಗ ಶಿಕ್ಷಕಿ. ಬಾಲಿಯ ರಿಟ್ರೀಟ್ ಒಂದು "ಸಂಬಳ ಇಲ್ಲ, ಊಟ ವಸತಿ ಉಚಿತ, ದಿನಕ್ಕೆ ಎರಡು ತರಗತಿ ತೆಗೆದುಕೊಳ್ಳಿ, ಟೂರಿಸ್ಟ್ ವೀಸಾದಲ್ಲಿ ಬನ್ನಿ" ಎನ್ನುತ್ತಿದೆ. ಹೋಗಬಹುದೇ?
– ಓದುಗಿ, ಬಿಜೈ, ಮಂಗಳೂರು

ಉತ್ತರ: ಹೋಗಬೇಡಿ. ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಹಣ ಪಡೆಯದಿದ್ದರೂ ಊಟ ವಸತಿಗೆ ಬದಲಾಗಿ ಕಲಿಸುವುದನ್ನು ಕೆಲಸವೆಂದೇ ಹಿಡಿಯಬಹುದು. ಸಿಕ್ಕಿಬಿದ್ದರೆ ಗಡಿಪಾರಾಗುವುದು, ಮತ್ತೆ ಬರದಂತೆ ನಿರ್ಬಂಧ ಬೀಳುವುದು ನಿಮಗೆ, ಕರೆದವರಿಗಲ್ಲ. ನಿಜಕ್ಕೂ ನಿಮ್ಮನ್ನು ಬೇಕೆನ್ನುವವರು ಕೆಲಸದ ಪರವಾನಗಿ ಮಾಡಿಸಲಿ.

ಪ್ರಶ್ನೆ: ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಇ.ಸಿ.ಆರ್. ಎಂದಿದೆ. ಇಂಡೋನೇಷ್ಯಾಕ್ಕೆ ಬಿಡುವುದಿಲ್ಲ ಎಂದು ಯಾರೋ ಹೆದರಿಸಿದ್ದಾರೆ. ವೀಸಾ, ಹಣದ ವಿವರವನ್ನೂ ತಿಳಿಸಿ.
– ಓದುಗರು, ಮಲ್ಪೆ

ಉತ್ತರ: ಇ.ಸಿ.ಆರ್. ಎಂದರೆ ಕೆಲವು ದೇಶಗಳಿಗೆ ಹೋಗುವ ಮೊದಲು ನಮ್ಮ ಸರ್ಕಾರದ ವಲಸೆ ಅನುಮತಿ ಬೇಕು ಎಂಬ ಗುರುತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗೆ ಸಾಮಾನ್ಯವಾಗಿ ಆ ಮುದ್ರೆ ಬೀಳುತ್ತದೆ. ಗಲ್ಫ್ ದೇಶಗಳ ಜತೆ ಇಂಡೋನೇಷ್ಯಾವೂ ಅಂಥ ದೇಶಗಳ ಪಟ್ಟಿಯಲ್ಲಿರುವುದು ನಿಜ. ಆದರೆ ಆ ಅನುಮತಿ ಬೇಕಾಗುವುದು ಕೆಲಸಕ್ಕೆ ಹೋಗುವವರಿಗೆ. ಪ್ರವಾಸಕ್ಕೆ ಹೋಗುವ ಅಮ್ಮ ವಾಪಸ್ ಟಿಕೆಟ್, ವೀಸಾ, ಕೋಣೆ ಕಾದಿರಿಸಿದ ಚೀಟಿ ಕಾಗದದಲ್ಲೇ ಕೈಯಲ್ಲಿಟ್ಟುಕೊಳ್ಳಲಿ. ಮೊಬೈಲ್ ನಿಮ್ಮ ಹತ್ತಿರ, ಅವರು ಬೇರೆ ಸಾಲಿನಲ್ಲಿ ಎಂದಾದರೆ ಗಡಿಬಿಡಿಯಾಗುತ್ತದೆ.

ಪಾಸ್‌ಪೋರ್ಟ್‌ಗೆ ಇಳಿಯುವ ದಿನದಿಂದ ಆರು ತಿಂಗಳ ಅವಧಿ ಬಾಕಿ ಇರಬೇಕು. ಕಡಿಮೆಯಿದ್ದರೆ ವಿಮಾನವನ್ನೇ ಹತ್ತಲು ಬಿಡುವುದಿಲ್ಲ. ಭಾರತೀಯರಿಗೆ ಇಳಿದ ಮೇಲೆ ವೀಸಾ ಸಿಗುತ್ತದೆ: ಐದು ಲಕ್ಷ ರುಪಿಯಾ, 30 ದಿನ, ಒಮ್ಮೆ ಮಾತ್ರ ಇನ್ನೂ 30 ದಿನ ವಿಸ್ತರಣೆ. ಮನೆಯಲ್ಲೇ ಆನ್‌ಲೈನ್ ಮಾಡಿಕೊಂಡರೆ ಸಾಲು ತಪ್ಪುತ್ತದೆ. ಸರ್ಕಾರಿ ತಾಣದ ವಿಳಾಸ "ಗೋ ಡಾಟ್ ಐಡಿ" ಎಂದು ಮುಗಿಯುತ್ತದೆ, ಉಳಿದವರು ಮಧ್ಯವರ್ತಿಗಳು. ಅವಧಿ ಮೀರಿದರೆ ದಿನಕ್ಕೆ ಹತ್ತು ಲಕ್ಷ ರುಪಿಯಾ ದಂಡ. ಇದಲ್ಲದೆ ಬಾಲಿ ಪ್ರಾಂತ್ಯ 2024ರ ಫೆಬ್ರವರಿ 14ರಿಂದ ಪ್ರತಿ ವಿದೇಶಿ ಪ್ರವಾಸಿಗೆ ಒಂದೂವರೆ ಲಕ್ಷ ರುಪಿಯಾ ಶುಲ್ಕ ಹಾಕಿದೆ. ಇಳಿಯುವ ಮೊದಲಿನ ಮೂರು ದಿನದೊಳಗೆ "ಆಲ್ ಇಂಡೋನೇಷ್ಯಾ" ಎಂಬ ಘೋಷಣಾ ಪತ್ರವನ್ನೂ ಆನ್‌ಲೈನ್ ತುಂಬಿಸಬೇಕು, ಅದಕ್ಕೆ ಹಣ ಇಲ್ಲ.

ಹಣ ಬದಲಿಸುವಾಗ ರಸ್ತೆಬದಿಯ ಬೋರ್ಡಿನಲ್ಲಿ ದರ ತೀರಾ ಚೆನ್ನಾಗಿ ಕಂಡರೆ ಒಳಗೆ ಹೋಗಬೇಡಿ. ಎಣಿಸಿ ಕೊಡುವಾಗ ಕೆಲವು ನೋಟು ಮೇಜಿನ ಹಿಂದೆ ಬೀಳುತ್ತವೆ. ಬ್ಯಾಂಕ್ ಇಂಡೋನೇಷ್ಯಾದ ಪರವಾನಗಿ ತೋರಿಸುವ ಅಂಗಡಿಗೇ ಹೋಗಿ, ಕೊನೆಯ ಎಣಿಕೆ ನಿಮ್ಮದಾಗಿರಲಿ.

ಪ್ರಶ್ನೆ: ಯುಗಾದಿ ರಜೆಗೆ ಹೋಗುವ ಯೋಚನೆ. ಆಗ ಅಲ್ಲಿ ಎಲ್ಲ ಬಂದ್ ಇರುತ್ತದಂತೆ, ಹೌದೇ?
– ಓದುಗಿ, ಮಣಿಪಾಲ

ಉತ್ತರ: ಒಂದು ದಿನ ಪೂರ್ತಿ ಬಂದ್. ಬಾಲಿಯವರ ಶಕ ವರ್ಷದ ಮೊದಲ ದಿನ ನ್ಯೆಪಿ. ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಬೆಂಕಿ-ದೀಪ, ಕೆಲಸ, ಓಡಾಟ, ಮನರಂಜನೆ ನಾಲ್ಕೂ ಇಲ್ಲ. ವಿಮಾನ ನಿಲ್ದಾಣ 24 ಗಂಟೆ ಮುಚ್ಚುತ್ತದೆ, ಮೊಬೈಲ್ ಇಂಟರ್‌ನೆಟ್ ಇರುವುದಿಲ್ಲ, ಪ್ರವಾಸಿಗಳೂ ಹೋಟೆಲಿನ ಗೇಟು ದಾಟುವಂತಿಲ್ಲ. ಪೆಚಾಲಾಂಗ್ ಎಂಬ ಊರ ಕಾವಲಿನವರು ಸುತ್ತುತ್ತಿರುತ್ತಾರೆ. 2025ರಲ್ಲಿ ನ್ಯೆಪಿ ಮಾರ್ಚ್ 29, ನಮ್ಮ ಯುಗಾದಿಗೆ ಒಂದು ದಿನ ಮೊದಲು. 2026ರಲ್ಲಿ ಎರಡೂ ಮಾರ್ಚ್ 19. ಅಧಿಕಮಾಸದ ಲೆಕ್ಕ ಬೇರೆಯಾದ್ದರಿಂದ ಕೆಲವು ವರ್ಷ ತಿಂಗಳ ಅಂತರವೂ ಬೀಳುತ್ತದೆ. ಟಿಕೆಟ್ ಮಾಡುವ ಮೊದಲು ಆ ವರ್ಷದ ದಿನಾಂಕ ನೋಡಿ.

ತಪ್ಪಿಸಿಕೊಳ್ಳಿ ಎನ್ನುತ್ತಿಲ್ಲ, ಆಗಲೇ ಹೋಗಿ ಎನ್ನುತ್ತೇವೆ. ಎರಡು ದಿನ ಮೊದಲು ತಲುಪಿ, ಹಿಂದಿನ ಸಂಜೆ ಊರ ಯುವಕರು ಹೊತ್ತು ಮೆರೆಸುವ ಓಗೊಹ್ ಓಗೊಹ್ ಎಂಬ ಭೂತಾಕೃತಿಗಳನ್ನು ನೋಡಿ. ಮರುದಿನದ ಊಟ, ನೀರು, ಔಷಧಿ ಮೊದಲೇ ಕೋಣೆಯಲ್ಲಿರಲಿ.

ಪ್ರಶ್ನೆ: ಅಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳಬಹುದೇ? ಮಂಗಗಳ ಕಾಟ ಇದೆಯಂತೆ?
– ಓದುಗರು, ಪಡುಬಿದ್ರಿ

ಉತ್ತರ: ಎಡಬದಿಯ ಸಂಚಾರವಾದ್ದರಿಂದ ಓಡಿಸುವುದು ಸುಲಭ. ಕಷ್ಟ ಇರುವುದು ಕಾಗದದಲ್ಲಿ. ಆರ್.ಟಿ.ಒ.ದಲ್ಲಿ ನಮೂನೆ 4ಎ ತುಂಬಿ ಅಂತಾರಾಷ್ಟ್ರೀಯ ಚಾಲನಾ ಪರ್ಮಿಟ್ ಮಾಡಿಸಿ, ಅದರಲ್ಲಿ ಕಾರು ಮಾತ್ರವಲ್ಲ, ದ್ವಿಚಕ್ರವೂ ನಮೂದಾಗಿದೆಯೇ ನೋಡಿ. ಅವಧಿ ಒಂದು ವರ್ಷ. ಅದಿಲ್ಲದೆ ಬಿದ್ದರೆ ಪ್ರವಾಸ ವಿಮೆಯವರು ಆಸ್ಪತ್ರೆ ಖರ್ಚು ಕೊಡಲು ಒಪ್ಪುವುದಿಲ್ಲ. ಓಡಿಸುವ ಧೈರ್ಯವಿಲ್ಲದಿದ್ದರೆ ಬಾಡಿಗೆ ಗಾಡಿ ಕರೆಸುವ ಗೊಜೆಕ್, ಗ್ರ್ಯಾಬ್ ಆ್ಯಪ್ ಇವೆ. ಉಬುದ್‌ನ ಕೆಲವು ಬೀದಿಗಳಲ್ಲಿ ಊರ ಡ್ರೈವರ್‌ಗಳು ಆ್ಯಪ್ ಗಾಡಿಯವರಿಗೆ ಜನರನ್ನು ಹತ್ತಿಸಿಕೊಳ್ಳಲು ಬಿಡುವುದಿಲ್ಲ, ಸ್ವಲ್ಪ ನಡೆದು ಮುಂದಿನ ತಿರುವಿಗೆ ಹೋಗಬೇಕು.

ಮಂಗಗಳು ಕನ್ನಡಕ, ಫೋನ್ ಕಸಿಯುತ್ತವೆ. ಕಸಿದದ್ದನ್ನು ಎಳೆದಾಡಿದರೆ ಕಚ್ಚುತ್ತವೆ. ಬಾಲಿಯಲ್ಲಿ 2008ರಿಂದ ರೇಬಿಸ್ ಇದೆ. ನಾಯಿಯೋ ಮಂಗವೋ ಕಚ್ಚಿದರೆ, ಪರಚಿದರೂ ಸರಿ, 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ಲಸಿಕೆ ಶುರು ಮಾಡಬೇಕು. ಊರಿಗೆ ಬಂದ ಮೇಲೆ ನೋಡೋಣ ಎಂದು ಮುಂದೂಡಬೇಡಿ. ಉಳಿದ ಡೋಸ್‌ಗಳನ್ನು ಮಂಗಳೂರಿನಲ್ಲಿ ಮುಂದುವರಿಸಲು ಅಲ್ಲಿ ಕೊಟ್ಟ ಲಸಿಕೆಯ ಹೆಸರು, ತಾರೀಕು ಇರುವ ಚೀಟಿ ಕೇಳಿ ಪಡೆಯಿರಿ.